ಡ್ರಮ್ಮಿನ ಫಿಲ್ಟರ್ ಸಾಕು, ಸಬೂಬು ಸಾಕು

ಬೆಂಗಳೂರಿನಲ್ಲಿ ಮಳೆಕೊಯ್ಲು ಕಡ್ಡಾಯವಾದದ್ದು 2009ರಲ್ಲಿ. ಇಷ್ಟು ವರ್ಷವಾದ ಮೇಲೂ ಎಷ್ಟೋ ಮನೆಗಳ ತಾರಸಿ ನೀರು ನೇರ ಚರಂಡಿಗೆ ಹೋಗುತ್ತಿದೆ. ಯಾಕೆಂದು ಕೇಳಿದರೆ ಸಿಗುವ ಕಾರಣಗಳು ಹೆಚ್ಚುಕಡಿಮೆ ನಾಲ್ಕೇ. ನಾಲ್ಕಕ್ಕೂ ಉತ್ತರವಿದೆ.

1. ‘ತಾರಸಿ ತುಂಬ ಪಾರಿವಾಳದ ಹಿಕ್ಕೆ, ದೂಳು. ಆ ನೀರನ್ನು ಸಂಪಿಗೆ ಬಿಡುವುದೇ?’

ಬಿಡಬೇಡಿ. ಕೊಳೆಯ ಬಹುಪಾಲು ಮಳೆಯ ಮೊದಲ ನೀರಿನಲ್ಲೇ ಇಳಿದುಬರುತ್ತದೆ. ಅದನ್ನು ಬೇರೆ ಮಾಡಬೇಕು. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆಯಾದರೆ ಒಂದು ಲೀಟರ್ ನೀರು. ಸಾವಿರ ಚದರಡಿಯ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ನೂರು ಲೀಟರಿನ ಡ್ರಮ್ ತುಂಬಿದ ಮೇಲಷ್ಟೇ ನೀರು ಫಿಲ್ಟರಿಗೆ ಹೋಗುವಂತೆ ಪೈಪು ಜೋಡಿಸಿದರೆ ಮೊದಲ ಒಂದು ಮಿ.ಮೀ. ಮಳೆಯ ಕೊಳೆ ಅಲ್ಲೇ ನಿಲ್ಲುತ್ತದೆ. ತಳದಲ್ಲೊಂದು ಸಣ್ಣ ತೂತಿದ್ದರೆ ಆಮೇಲೆ ಡ್ರಮ್ ತಾನಾಗಿ ಖಾಲಿಯಾಗುತ್ತದೆ.

ಸೋಸಿದ ನೀರನ್ನು ಹಾಗೇ ಕುಡಿಯಬೇಡಿ. ಮರಳು, ಇದ್ದಿಲು ಮಣ್ಣು ಕಸವನ್ನು ಹಿಡಿಯುತ್ತವೆ. ರೋಗಾಣುಗಳನ್ನು ಪೂರ್ತಿ ತಡೆಯಲಾರವು. ಕುಡಿಯಲು ಕುದಿಸಲೇಬೇಕು. ಆದರೆ ಮನೆಯ ನೀರಿನ ಖರ್ಚಿನಲ್ಲಿ ಕುಡಿಯುವ ಪಾಲು ಅತ್ಯಲ್ಪ. ಬಟ್ಟೆ, ಪಾತ್ರೆ, ಸ್ನಾನಕ್ಕೆ ಮಳೆನೀರು ಬೋರ್‌ವೆಲ್ಲಿನ ಗಡಸು ನೀರಿಗಿಂತ ಎಷ್ಟೋ ಮೇಲು: ಸೋಪು ಚೆನ್ನಾಗಿ ನೊರೆಯಾಗುತ್ತದೆ, ಗೀಸರಿನೊಳಗೆ ಬಿಳಿ ಪದರ ಕಟ್ಟುವುದಿಲ್ಲ.

2. ‘ಜೋರು ಮಳೆಗೆ ಅಗ್ಗದ ಫಿಲ್ಟರ್ ಕಟ್ಟಿಕೊಂಡು ಉಕ್ಕುತ್ತದೆ.’

ನುಣ್ಣನೆ ಮರಳು ತುಂಬಿದರೆ ಖಂಡಿತ ಉಕ್ಕುತ್ತದೆ. ಗಂಟೆಗೆ 60 ಮಿ.ಮೀ. ಲೆಕ್ಕದಲ್ಲಿ ಮಳೆ ಸುರಿದರೆ ಅದೇ ತಾರಸಿಯಿಂದ ನಿಮಿಷಕ್ಕೆ 90 ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ಅದಕ್ಕೇ 200 ಲೀಟರಿನ ಡ್ರಮ್ಮಿನ ತಳಕ್ಕೆ 20 ಮಿ.ಮೀ. ಜಲ್ಲಿ, ಅದರ ಮೇಲೆ ಬೇಬಿ ಜಲ್ಲಿ, ಆಮೇಲೆ ಇದ್ದಿಲು, ಎಲ್ಲಕ್ಕೂ ಮೇಲೆ ಚೆನ್ನಾಗಿ ತೊಳೆದ ದಪ್ಪ ಮರಳು ಹಾಕಬೇಕು. ಪದರಗಳ ನಡುವೆ ನೈಲಾನ್ ಜಾಲರಿ ಇರಬೇಕು. ಡ್ರಮ್ಮಿನ ಬಾಯಿಯ ಹತ್ತಿರ ಇನ್ನೊಂದು ಪೈಪು ಕೂಡಿಸಿ ಇಂಗುಗುಂಡಿಗೆ ಬಿಟ್ಟರೆ, ಫಿಲ್ಟರಿಗೆ ಹಿಡಿಸದ ನೀರು ಅಂತರ್ಜಲಕ್ಕೆ ಸೇರುತ್ತದೆ.

ಡ್ರಮ್ ಇಡಲು ಜಾಗವಿಲ್ಲದವರಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ರೂಪಿಸಿದ ಪಾಪ್‌ಅಪ್ ಫಿಲ್ಟರ್ ಇದೆ. ಗೋಡೆಯ ಪೈಪಿಗೇ ಅದನ್ನು ಜೋಡಿಸಬಹುದು. ಕಸ ಕಟ್ಟಿಕೊಂಡರೆ ಸೋಸುವ ಭಾಗ ತಾನೇ ಮೇಲೆದ್ದು ನೀರಿಗೆ ದಾರಿ ಬಿಡುತ್ತದೆ. ತಾರಸಿಯಲ್ಲಿ ನೀರು ನಿಲ್ಲುವುದಿಲ್ಲ.

3. ‘ಅದನ್ನು ತೊಳೆಯುತ್ತ ಕೂರುವವರು ಯಾರು?’

ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಿ. ಮೇಲಿನ ಜಾಲರಿಯಲ್ಲಿ ಹೊಂಗೆ ಎಲೆ, ಒಣಗಿದ ಹೂವು. ಜಾಲರಿ ಎತ್ತಿದರೆ ಮರಳಿನ ಮೇಲೆ ಬೆರಳಿಗೆ ಮೆತ್ತಿಕೊಳ್ಳುವ ಕಪ್ಪು ರಾಡಿ. ಅದರಿಂದ ನಾಲ್ಕು ಬೆರಳು ಕೆಳಗೆ ಮರಳು ತನ್ನ ಬಣ್ಣದಲ್ಲೇ ಇರುತ್ತದೆ. ಆ ಮೇಲ್ಪದರವನ್ನಷ್ಟು ಬಕೆಟ್ಟಿಗೆ ತೆಗೆದು, ತಿಳಿನೀರು ಬರುವವರೆಗೆ ಕಲಕಿ ಬಗ್ಗಿಸಿ, ಮತ್ತೆ ಹರಡಿದರೆ ಕೆಲಸ ಮುಗಿಯಿತು. ಹೊರಗಿನವರನ್ನು ಕರೆಸಬೇಕಾಗಿಲ್ಲ. ಸೊಳ್ಳೆಯ ಭಯವಿದ್ದರೆ ಮುಚ್ಚಳ ಬಿಗಿಯಾಗಿರಲಿ, ಪೈಪಿನ ತೆರೆದ ಬಾಯಿಗೆಲ್ಲ ಜಾಲರಿ ಕಟ್ಟಿ.

4. ‘ಇಷ್ಟೆಲ್ಲ ಮಾಡಿದರೆ ಸಿಗುವ ನೀರೆಷ್ಟು?’

ಬೆಂಗಳೂರಿನ ಸರಾಸರಿ ವಾರ್ಷಿಕ ಮಳೆ ಸುಮಾರು 970 ಮಿ.ಮೀ. ಐದರಲ್ಲೊಂದು ಪಾಲು ನಷ್ಟವೆಂದು ಬಿಟ್ಟರೂ ಸಾವಿರ ಚದರಡಿಯಿಂದ 72,000 ಲೀಟರ್ ದಕ್ಕುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿದರೆ ನಾಲ್ಕು ಜನರ ಮನೆಗೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲದ ನೀರು. ಅಷ್ಟು ದೊಡ್ಡ ಸಂಪು ಎಲ್ಲಿದೆ ಎನ್ನಬೇಡಿ. ಇಲ್ಲಿಯ ಮಳೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹಂಚಿಕೊಂಡು ಬೀಳುತ್ತದೆ. ಸಣ್ಣ ಸಂಪೂ ಹಲವು ಸಲ ತುಂಬುತ್ತದೆ, ಮಿಕ್ಕದ್ದು ಇಂಗುತ್ತದೆ.

ಇದರ ಎದುರಿಗೆ ಕಾವೇರಿಯ ಲೆಕ್ಕವನ್ನೂ ಇಟ್ಟು ನೋಡಿ. ಆ ನೀರು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಾಗಿ ಬರಬೇಕು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಊರೆಲ್ಲ ಟ್ಯಾಂಕರಿಗೆ ಕಾದದ್ದನ್ನು ಮರೆಯುವಂತಿಲ್ಲ. ತಾರಸಿಯ ನೀರಿಗಾದರೋ ಸಂಪಿನವರೆಗೆ ಕರೆಂಟೂ ಬೇಡ, ಟ್ಯಾಂಕರೂ ಬೇಡ.

ಡ್ರಮ್ಮು, ಜಲ್ಲಿ, ಮರಳು, ಇದ್ದಿಲು ಎಲ್ಲ ಊರಲ್ಲೂ ಸಿಗುತ್ತವೆ. ಬರುವ ಮುಂಗಾರಿಗೆ ಮುಂಚೆ ತಾರಸಿ ಗುಡಿಸಿ, ಪ್ಲಂಬರನ್ನು ಕರೆಸಿ, ಚರಂಡಿಗೆ ಹೋಗುವ ಪೈಪನ್ನು ಸಂಪಿನ ಕಡೆ ತಿರುಗಿಸಿ.