ಬೀದಿಬದಿಯ ವನ್ಯಲೋಕ

ವನ್ಯಜೀವಿಗಳೆಂದೊಡನೆ ಬಂಡೀಪುರದ ಆನೆ, ನಾಗರಹೊಳೆಯ ಹುಲಿ, ರಂಗನತಿಟ್ಟಿನ ಕೊಕ್ಕರೆಗಳು ಕಣ್ಣೆದುರು ನಿಲ್ಲುವುದು ಸಹಜ. ಅವುಗಳನ್ನು ಕಾಣಲು ನಗರವಾಸಿಗಳು ಹಣ ವ್ಯಯಿಸಿ ದೂರ ಪ್ರಯಾಣ ಮಾಡುತ್ತಾರೆ. ಆದರೆ ಮನೆಯ ಬಾಗಿಲಿನಿಂದ ಬಸ್ ನಿಲ್ದಾಣದವರೆಗಿನ ನೂರು ಹೆಜ್ಜೆಯ ದಾರಿಯಲ್ಲಿಯೂ ಒಂದು ವನ್ಯಲೋಕವಿದೆ ಎಂಬುದು ಅನೇಕರ ಗಮನಕ್ಕೆ ಬರುವುದಿಲ್ಲ. ಇದು ಸಣ್ಣ ಲೋಪವೆಂದು ತೋರಬಹುದು. ಅದರ ಪರಿಣಾಮ ಮಾತ್ರ ಸಣ್ಣದಲ್ಲ.

ಈ ಲೋಕವನ್ನು ಕಾಣಲು ಬೆಂಗಳೂರಿನ ವಸಂತಕಾಲಕ್ಕಿಂತ ಪ್ರಶಸ್ತವಾದ ಸಮಯವಿಲ್ಲ. ಯುಗಾದಿಯ ಸುಮಾರಿಗೆ ಬೀದಿಯ ಹೊಂಗೆಮರಗಳು ಎಳೆಹಸುರು ಚಿಗುರನ್ನು ತಳೆದು ಹೂವಾಗುತ್ತವೆ. ಉದುರಿದ ಹೂಗಳು ಕಾಲುದಾರಿಯನ್ನು ಮುಚ್ಚುತ್ತವೆ; ಮೇಲೆ ಜೇನ್ನೊಣಗಳ ಝೇಂಕಾರ ತುಂಬಿರುತ್ತದೆ. ಕೋಗಿಲೆಯ ದನಿಯನ್ನು ಕೇಳದವರಿಲ್ಲ. ಆದರೆ ಹಾಗೆ ಇಂಪಾಗಿ ಕೂಗುವುದು ಕಪ್ಪು ಬಣ್ಣದ, ಕೆಂಗಣ್ಣಿನ ಗಂಡೆಂಬುದನ್ನೂ, ಕಂದು ಮೈಮೇಲೆ ಬಿಳಿಯ ಚುಕ್ಕೆಗಳುಳ್ಳ ಹೆಣ್ಣು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡಲು ಹೊಂಚುಹಾಕುತ್ತಿರುತ್ತದೆಂಬುದನ್ನೂ ಬಲ್ಲವರು ವಿರಳ.

ಕಣ್ಣನ್ನು ಮರದಿಂದ ಕೆಳಗಿಳಿಸಿ ಹಿತ್ತಿಲನ್ನು ನೋಡಿದರೂ ಸಾಕು. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ವಸ್ತು ವಾಸ್ತವವಾಗಿ ಚಿಟ್ಟೆಯ ಮರಿಹುಳುವಾಗಿರಬಹುದು. ವೈರಿಗಳ ಕಣ್ಣು ತಪ್ಪಿಸಲು ಪ್ರಕೃತಿ ಅದಕ್ಕೆ ತೊಡಿಸಿದ ವೇಷವದು. ಬೆಳೆದಂತೆ ಅದು ಹಸುರು ಬಣ್ಣಕ್ಕೆ ತಿರುಗುತ್ತದೆ. ಬಳಿಕ ರೇಷ್ಮೆಯ ಎಳೆಯೊಂದನ್ನು ಸೊಂಟಕ್ಕೆ ಬಿಗಿದುಕೊಂಡು ಕೋಶಾವಸ್ಥೆಯನ್ನು ಸೇರುತ್ತದೆ. ಪಕ್ಕದ ಅಗಲವಾದ ಎಲೆಯ ಗಿಡದಲ್ಲಿ ಸಿಂಪಿಗ ಹಕ್ಕಿ ಕೊಕ್ಕನ್ನೇ ಸೂಜಿಯಾಗಿಸಿ, ನಾರು ಮತ್ತು ಜೇಡರಬಲೆಯ ಎಳೆಗಳಿಂದ ಎಲೆಗಳನ್ನು ಹೊಲಿದು ಗೂಡು ಕಟ್ಟಿರಬಹುದು. ಖಾಲಿ ನಿವೇಶನದ ಬಂಡೆಯ ಮೇಲೆ ಬಣ್ಣವೇರಿಸಿಕೊಂಡ ಗಂಡು ಓತಿಕ್ಯಾತ ತಲೆದೂಗುತ್ತಿರಬಹುದು.

ಇಂತಹ ಕ್ಷುದ್ರಜೀವಿಗಳನ್ನು ಗಮನಿಸುವುದರಿಂದ ಪ್ರಯೋಜನವೇನೆಂದು ಕೆಲವರು ಕೇಳಬಹುದು. ಗಮನಿಸದಿರುವುದರಿಂದ ಆಗುವ ಹಾನಿಯನ್ನು ನೋಡಿದರೆ ಉತ್ತರ ತಾನಾಗಿಯೇ ದೊರೆಯುತ್ತದೆ. ಎಲೆ ತಿನ್ನುವ ಹುಳುವೆಂದು ಗಿಡಕ್ಕೆ ವಿಷ ಸಿಂಪಡಿಸುವವರು ಬೇರೆಡೆ ಚಿಟ್ಟೆಯನ್ನು ಕಂಡು ಹರ್ಷಪಡುವವರೇ ಆಗಿರುತ್ತಾರೆ. ಗೂಡು ಕಟ್ಟುವ ಕಾಲದಲ್ಲಿಯೇ ಕೊಂಬೆ ಕಡಿಸುವವರಿಗೆ ಅದರಲ್ಲಿ ಮರಿಗಳಿವೆಯೆಂಬ ಅರಿವಿರುವುದಿಲ್ಲ. ಎತ್ತರದ ಕಟ್ಟಡಗಳಲ್ಲಿ ಹೆಜ್ಜೇನು ಕಟ್ಟಿದಾಗ, ಜನರಿಗೆ ಅಪಾಯವಿದ್ದರೆ ಅದನ್ನು ಬಲ್ಲವರಿಂದ ತೆರವುಗೊಳಿಸುವುದು ನ್ಯಾಯವೇ ಸರಿ. ಯಾರ ತಂಟೆಗೂ ಹೋಗದ ಹುಟ್ಟಿಗೂ ಬೆಂಕಿಯಿಡುವುದು ನ್ಯಾಯವಲ್ಲ. ಈ ಯಾರೂ ಕ್ರೂರಿಗಳಲ್ಲ. ಅವರಲ್ಲಿ ಕೊರತೆಯಾಗಿರುವುದು ದಯೆಯಲ್ಲ, ಪರಿಚಯ.

ಪರಿಚಯವಿದ್ದರೂ ಗಮನವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಗುಬ್ಬಚ್ಚಿಯೇ ಸಾಕ್ಷಿ. ಒಂದು ಕಾಲದಲ್ಲಿ ಅದು ಹೆಂಚಿನ ಸಂದಿಯಲ್ಲಿ, ಗೋಡೆಗೆ ತೂಗುಹಾಕಿದ ಪಟದ ಹಿಂದೆ ಗೂಡು ಕಟ್ಟುತ್ತ ಮನೆಯ ಮಂದಿಯಂತೆಯೇ ಇತ್ತು. ಎಲ್ಲೆಲ್ಲಿಯೂ ಇದ್ದುದರಿಂದಲೇ ಅದನ್ನು ಎಣಿಸಬೇಕೆಂದು ಹೆಚ್ಚು ಜನರಿಗೆ ಅನಿಸಲಿಲ್ಲ. ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಅದು ಕಾಣದಾದಾಗ ಜನರು ಎಚ್ಚೆತ್ತರು. 2010ರಿಂದ ಪ್ರತಿವರ್ಷ ಮಾರ್ಚ್ 20ರಂದು ವಿಶ್ವ ಗುಬ್ಬಚ್ಚಿ ದಿನ ಆಚರಿಸಲಾಗುತ್ತಿದೆ. ಒಂದು ಕಾಲದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಹಕ್ಕಿಗೆ ಒಂದು ದಿನವನ್ನೇ ಮೀಸಲಿಡಬೇಕಾಗಿ ಬಂದುದು ವಿಷಾದದ ಸಂಗತಿ.

ಗಮನಿಸುವ ಕಣ್ಣಿಗೆ ಎಷ್ಟು ಶಕ್ತಿಯಿದೆಯೆಂಬುದನ್ನೂ ಗುಬ್ಬಚ್ಚಿಯೇ ತೋರಿಸಿಕೊಟ್ಟಿದೆ. 1896ರಲ್ಲಿ ಮುಂಬಯಿಯಲ್ಲಿ ಜನಿಸಿದ ಸಲೀಂ ಅಲಿ ಅವರು ಬಾಲ್ಯದಲ್ಲಿ ತಾವು ಹೊಡೆದುರುಳಿಸಿದ ಗುಬ್ಬಚ್ಚಿಯೊಂದರ ಕೊರಳಿನಲ್ಲಿ ಹಳದಿ ಗುರುತನ್ನು ಕಂಡರು. ಇದು ಸಾಧಾರಣ ಗುಬ್ಬಚ್ಚಿಯಲ್ಲವೆಂಬ ಸಂಶಯ ಅವರನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಕರೆದೊಯ್ದಿತು. ಅಲ್ಲಿಂದ ಆರಂಭವಾದ ಆಸಕ್ತಿ ಭಾರತದ ಪಕ್ಷಿಶಾಸ್ತ್ರಕ್ಕೆ ಒಬ್ಬ ಮಹಾವಿದ್ವಾಂಸನನ್ನು ಕೊಟ್ಟಿತು.

ಎಲ್ಲರೂ ಪಕ್ಷಿಶಾಸ್ತ್ರಜ್ಞರಾಗಬೇಕಾಗಿಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ಎರಡು ನಿಮಿಷ ನಿಂತು ನೋಡುವುದು, ಕಂಡುದನ್ನು ದಿನಾಂಕದೊಡನೆ ಪುಸ್ತಕದಲ್ಲಿ ಬರೆದಿಡುವುದು ಯಾವ ವಿದ್ಯಾರ್ಥಿಗೂ ಅಸಾಧ್ಯವಲ್ಲ. ನೆರೆಯವರ ಹೆಸರನ್ನೇ ಅರಿಯದವನು ಅವರ ಕಷ್ಟಕ್ಕೆ ಒದಗಲಾರ. ನಗರದ ಈ ಪುಟ್ಟ ನೆರೆಯವರ ವಿಷಯದಲ್ಲಿಯೂ ಈ ಮಾತು ಸತ್ಯ. ಕಾಯುವ ಕೈಗಿಂತ ಮೊದಲು ಗುರುತಿಸುವ ಕಣ್ಣು ಬೇಕು.