ನಡುವೆ ಬರಲು ಯಾರೂ ಇಲ್ಲದ ಮನೆ

ಕಳೆದ ಅಕ್ಟೋಬರಿನಲ್ಲಿ ಹೋಗಿ ತಂಗಿಯ ಮಗಳ ಮನೆಯಲ್ಲಿ ಐದು ವಾರ ಇದ್ದೆ. ಶಿಕಾಗೋದ ಪಶ್ಚಿಮಕ್ಕಿರುವ ಒಂದು ಬಡಾವಣೆ, ಎರಡನೇ ಮಹಡಿಯ ಮನೆ. ಒಂದು ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಮಾತು ಬಿಟ್ಟರು. ಬಾಲ್ಕನಿಯಲ್ಲಿದ್ದ ಕರಿಬೇವಿನ ಕುಂಡವೇ ಕಾರಣ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುತ್ತದೆ, ಕುಂಡ ಒಳಗೆ ತಂದಿಡು ಎಂದು ಅವಳು ಹಿಂದಿನ ದಿನ ಎರಡು ಸಲ ಹೇಳಿದ್ದಳು. ಅವನು ಆಫೀಸಿನ ಕರೆಯಲ್ಲಿ ಮುಳುಗಿ ಮರೆತಿದ್ದ. ಬೆಳಗಾಗುವಷ್ಟರಲ್ಲಿ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿದ್ದವು.

ಇಷ್ಟಕ್ಕೆಲ್ಲ ಮಾತು ಬಿಡುವುದೇ ಅನ್ನಿಸಬಹುದು. ಹಿತ್ತಲಿಗೆ ಹೋಗಿ ಕೈ ಚಾಚಿದರೆ ಸಿಗುವ ಕರಿಬೇವು ಅದಲ್ಲ. ನಿಂಬೆ, ಕಿತ್ತಳೆ ಗಿಡಗಳನ್ನು ಕೊಲ್ಲುವ ಗ್ರೀನಿಂಗ್ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಹಾಗಾಗಿ ಭಾರತದಿಂದ ಅಮೆರಿಕಕ್ಕೆ ಹಸಿ ಸೊಪ್ಪು ಒಯ್ಯುವಂತಿಲ್ಲ, ಸೂಟ್‌ಕೇಸಿನಲ್ಲಿ ಸಿಕ್ಕರೆ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಅಲ್ಲಿನ ಗೆಳತಿಯೊಬ್ಬಳು ಕೊಟ್ಟ ಗೇಣುದ್ದದ ಸಸಿಯನ್ನು ಇವಳು ಮೂರು ಚಳಿಗಾಲ ಕಿಟಕಿಯ ಬಿಸಿಲಿಗೆ ಒಡ್ಡಿ ಸೊಂಟದೆತ್ತರ ಬೆಳೆಸಿದ್ದಳು. "ನಾನು ಹೇಳಿದ್ದು ನಿನ್ನ ಕಿವಿಗೇ ಬೀಳಲ್ಲ ಕಣೋ" ಎಂದಳು. ಆಮೇಲೆ ಇಬ್ಬರೂ ಬಾಯಿ ತೆರೆಯಲಿಲ್ಲ.

ಮಧ್ಯಾಹ್ನ ತಟ್ಟೆ ಹಾಕಿ ನನ್ನ ಕಡೆ ತಿರುಗಿ, "ದೊಡ್ಡಮ್ಮ, ಊಟಕ್ಕೆ ಬರೋಕೆ ಹೇಳು ಅವನಿಗೆ" ಎಂದಳು. ಅವನು ಹತ್ತು ಅಡಿ ದೂರದ ಸೋಫಾದ ಮೇಲೇ ಕೂತಿದ್ದ. ನಾನು ಹೇಳಿದೆ, ಅವನು ಬಂದ. ಅನ್ನಕ್ಕೆ ಸಾರು ಬಡಿಸುವಾಗ "ಇನ್ನೊಂಚೂರು ಹಾಕು" ಎಂದ. ಅಲ್ಲಿಗೆ ಜಗಳ ಸಡಿಲವಾಯಿತು. ನನಗೆ ಮಾತ್ರ ಆ ದಿನವೆಲ್ಲ ಒಂದೇ ಯೋಚನೆ. ನಾನು ಹೊರಟ ಮೇಲೆ ಊಟಕ್ಕೆ ಕರೆಯುವವರು ಯಾರು?

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಾವು ಹಗುರವಾಗಿ ಆಡುತ್ತೇವೆ. ಆ ಗಾದೆ ಹುಟ್ಟಿದ್ದು ತುಂಬಿದ ಮನೆಯಲ್ಲಿ. ಅಲ್ಲಿ "ಅಪ್ಪನ್ನ ಕರಿ ಹೋಗು" ಎಂದು ಕಳಿಸಲು ಒಂದು ಮಗು ಇರುತ್ತದೆ, ಗದರಿಸಲು ಅತ್ತೆ ಇರುತ್ತಾರೆ, ಸಕ್ಕರೆ ಕೇಳುವ ನೆಪದಲ್ಲಿ ಬಂದು ಮುಖ ನೋಡಿಯೇ ವಿಷಯ ತಿಳಿಯುವ ಪಕ್ಕದ ಮನೆಯವರಿರುತ್ತಾರೆ. ಏನೂ ಆಗದಿದ್ದರೆ ತವರಿಗೆ ಒಂದು ಬಸ್ಸು ಇರುತ್ತದೆ. ಶಿಕಾಗೋದಿಂದ ತವರಿಗೆ ಬಸ್ಸಿಲ್ಲ. ಮುನಿಸಿಕೊಂಡವರು ಮಲಗುವ ಕೋಣೆಯಿಂದ ಹಾಲಿಗೆ ಬರಬಹುದು, ಅಷ್ಟೇ.

ಹಾಗೆ ಮಾತು ಬಿಡುವ ಇಬ್ಬರಲ್ಲಿ ಒಬ್ಬರ ಪಾಸ್‌ಪೋರ್ಟಿನಲ್ಲಿ ಅವಲಂಬಿತರಿಗೆ ಕೊಡುವ ವೀಸಾ ಬೇರೆ ಇರುತ್ತದೆ. ಎಚ್-4 ಎಂಬ ಆ ವೀಸಾದ ಮೇಲೆ ಹೋದವರು 2015ರ ಮೇ 26ರವರೆಗೆ ಅಲ್ಲಿ ಕೆಲಸವನ್ನೇ ಮಾಡುವಂತಿರಲಿಲ್ಲ. ಈಗಲೂ ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ ಅನುಮತಿ. ನಮ್ಮ ಹುಡುಗಿ ಎಂ.ಟೆಕ್. ಮುಗಿಸಿ ಬೆಂಗಳೂರಿನಲ್ಲಿ ನಾಲ್ಕು ವರ್ಷ ಸಂಬಳ ತಂದವಳು. ಹೋದ ಮೊದಲ ಎರಡು ವರ್ಷ ಕೊತ್ತಂಬರಿ ತರಲೂ ಗಂಡನ ಕಾರೇ ಗತಿಯಾಗಿತ್ತು. ಅವನ ಪಾಡೂ ಸುಖದ್ದಲ್ಲ. ಕೆಲಸ ಹೋದರೆ ಹೆಚ್ಚೆಂದರೆ 60 ದಿನದೊಳಗೆ ಇನ್ನೊಂದು ಕಂಪನಿ ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಕಂಪನಿಯಲ್ಲಿ ಜನರನ್ನು ತೆಗೆಯುವ ಸುದ್ದಿ ಬಂದ ವಾರಗಳಲ್ಲಿ ಮನೆಯಲ್ಲಿ ಜಗಳವೂ ಇರಲಿಲ್ಲವಂತೆ, ನಗುವೂ ಇರಲಿಲ್ಲವಂತೆ.

ಕಾರು ಕಲಿಸಿದವನೂ ಅವನೇ. ಅಂಗಡಿಗಳು ಬಾಗಿಲು ತೆರೆಯುವ ಮೊದಲು, ಖಾಲಿ ಪಾರ್ಕಿಂಗ್ ಜಾಗದಲ್ಲಿ, ಭಾನುವಾರದ ಬೆಳಿಗ್ಗೆಗಳಲ್ಲಿ. ಅವನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿಯುತ್ತಿದ್ದ, ಇವಳು ಅರ್ಧಕ್ಕೇ ಇಳಿದು ನಡೆಯುತ್ತ ಮನೆಗೆ ಬಂದದ್ದೂ ಉಂಟು. ಲೈಸೆನ್ಸ್ ಬಂದ ದಿನ ಒಬ್ಬಳೇ ಹೋಗಿ ಹಾಲು, ಬ್ರೆಡ್ಡು, ಒಂದು ಕಟ್ಟು ಕೊತ್ತಂಬರಿ ತಂದಳು. ಬಂದಾಗ ಅವನು ಬಾಲ್ಕನಿಯಲ್ಲಿ ಫೋನು ಹಿಡಿದು ನಿಂತೇ ಇದ್ದ. "ನಲವತ್ತು ನಿಮಿಷ ಅಲ್ಲೇ ನಿಂತಿದ್ನಂತೆ ದೊಡ್ಡಮ್ಮ" ಎಂದು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಇದಾವುದೂ ಊರಿಗೆ ತಿಳಿಯುವುದಿಲ್ಲ. ಶಿಕಾಗೋಗೂ ನಮಗೂ ಬೇಸಿಗೆಯಲ್ಲಿ ಹತ್ತೂವರೆ ಗಂಟೆ ಅಂತರ, ನವೆಂಬರಿನಲ್ಲಿ ಗಡಿಯಾರ ಹಿಂದಿಟ್ಟ ಮೇಲೆ ಹನ್ನೊಂದೂವರೆ. ಅಪ್ಪ ಅಮ್ಮ ರಾತ್ರಿ ಊಟ ಮುಗಿಸಿ ವಿಡಿಯೋ ಕರೆ ಮಾಡುವಾಗ ಅಲ್ಲಿ ಬೆಳಗಿನ ಗಡಿಬಿಡಿ. ಅಕ್ಕಪಕ್ಕ ಕೂತು ಇಬ್ಬರೂ "ಚೆನ್ನಾಗಿದೀವಿ" ಅನ್ನುತ್ತಾರೆ. ಫೋನಿಟ್ಟ ಕೂಡಲೇ ಒಬ್ಬರು ಅಡುಗೆಮನೆಗೆ, ಇನ್ನೊಬ್ಬರು ಲ್ಯಾಪ್‌ಟಾಪಿಗೆ.

ಇದೇ ಶಿಕಾಗೋದ ವಿಶ್ವವಿದ್ಯಾಲಯದಲ್ಲಿ 1962ರಿಂದ ಪಾಠ ಮಾಡಿದವರು ನಮ್ಮ ಕವಿ ಎ.ಕೆ. ರಾಮಾನುಜನ್. ಅವರ 1971ರ 'ರಿಲೇಶನ್ಸ್' ಸಂಕಲನದಲ್ಲಿ ಹೆಂಡತಿಯನ್ನು ಕುರಿತ ಪ್ರೇಮ ಕವಿತೆಯೊಂದಿದೆ. ಒಬ್ಬರ ಬಾಲ್ಯದಲ್ಲಿ ಇನ್ನೊಬ್ಬರು ಇರಲಿಲ್ಲ ಎಂಬ ದೂರವನ್ನು ಅದು ನೇರವಾಗಿ ಎದುರಿಸುತ್ತದೆ. ಮದುವೆಯ ಒಳಗಿನ ಅಂಥ ದೂರವನ್ನು ಅವರು ಇಂಗ್ಲಿಷಿನಲ್ಲಿ ಬರೆದರು. ಕನ್ನಡದಲ್ಲಿ ಅದನ್ನು ಬರೆಯುವವರು ಇನ್ನೂ ಕಡಿಮೆ ಎಂಬುದು ನನ್ನ ಕೊರಗು.

ಹೊರದೇಶಗಳಿಂದ ನಮ್ಮ ಪತ್ರಿಕೆಗೆ ಬರಹಗಳು ಬರುತ್ತಲೇ ಇರುತ್ತವೆ. ಊರಿನ ಮಳೆ, ಅಜ್ಜಿಯ ಕೈತುತ್ತು, ಮೊದಲ ಹಿಮ. ಪ್ರೀತಿಯಿಂದಲೇ ಪ್ರಕಟಿಸಿದ್ದೇವೆ. ಅವನ್ನು ಬರೆದವರ ಅಡುಗೆಮನೆಯಲ್ಲಿ ಆ ದಿನ ಏನಾಯಿತು ಎಂಬುದು ಮಾತ್ರ ಬರುವುದಿಲ್ಲ. ಜಗಳವಾಡುತ್ತ ಕಾರಿನಲ್ಲಿ ಬಂದು, ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ನಗುನಗುತ್ತ ಬಿಸಿಬೇಳೆಬಾತು ಬಡಿಸಿ, ಹಿಂದಿರುಗುವಾಗ ಮತ್ತೆ ಮೌನವಾದ ಇಬ್ಬರ ಕಥೆ ನನಗೆ ಬೇಕು. ಆ ಮೌನ ಯಾವ ತಿರುವಿನಲ್ಲಿ ಒಡೆಯಿತು, ಯಾರು ಮೊದಲು ಬಾಯಿಬಿಟ್ಟರು ಎಂಬುದೂ ಬೇಕು.

ದಂಪತಿಗಳ ಬದುಕನ್ನು ಕುರಿತ ವಿಶೇಷ ಸಂಚಿಕೆಯೊಂದನ್ನು ತರುವ ಆಸೆಯಿದೆ. ಎಲ್ಲಿದ್ದರೂ ಬರೆಯಿರಿ. ಕಥೆಯಾಗದಿದ್ದರೆ ಪತ್ರವಾಗಲಿ. ಹೆಸರು ಬೇಡ ಎಂದರೆ ಹಾಕುವುದಿಲ್ಲ.