ಮೊದಲ ಸಲ ಸ್ಕೀಯಿಂಗ್‌ಗೆ ಹೊರಟಿದ್ದೀರಾ? ಪ್ಯಾಕೇಜ್ ದರದಲ್ಲಿ ಕಾಣದ ಖರ್ಚುಗಳಿವು

‘ಗೆಳೆಯರ ಜತೆ ಗುಲ್ಮಾರ್ಗ್, ಎಲ್ಲಾ ಸೇರಿ ಇಷ್ಟೇ’ ಎನ್ನುವ ಸಂದೇಶಗಳು ಚಳಿಗಾಲದಲ್ಲಿ ವಾಟ್ಸಾಪ್ ಗುಂಪುಗಳಿಗೆ ಬರುತ್ತವೆ. ಫಾರ್ವರ್ಡ್ ಮಾಡುವ ಮುನ್ನ ‘ಎಲ್ಲಾ’ ಎಂದರೆ ಏನೇನು ಎಂದು ಕೇಳಿ. ಸಾಮಾನ್ಯವಾಗಿ ಅದು ಕೋಣೆ, ಊಟ, ಶ್ರೀನಗರದಿಂದ ವಾಹನ, ಅಷ್ಟೇ. ಸ್ಕೀ ಮತ್ತು ಬೂಟಿನ ಬಾಡಿಗೆ, ತರಬೇತುದಾರರ ಶುಲ್ಕ, ಗೊಂಡೋಲಾ ಟಿಕೆಟ್ ಬೇರೆಯೇ ಇರಬಹುದು.

ಗೊಂಡೋಲಾದ ಎರಡನೇ ಹಂತದ ದುಡ್ಡನ್ನು ಉಳಿಸಬಹುದು. ಅದು ಅಫರ್ವತ್ ಬೆಟ್ಟದಲ್ಲಿ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆ; ಅಲ್ಲಿಂದ ಸ್ಕೀಯಲ್ಲಿ ಇಳಿಯುವುದು ನುರಿತವರ ಕೆಲಸ. ಕಲಿಯುವವರಿಗೆ ಕೆಳಗಿನ ಇಳಿಜಾರೇ ಸಾಕು. ಒಂದೇ ದಿನದಲ್ಲಿ ಕಲಿಸುತ್ತೇವೆ ಎಂದರೆ ನಂಬಬೇಡಿ. ಉತ್ತರಾಖಂಡದ ಔಲಿಯಲ್ಲಿ ಸರ್ಕಾರಿ ನಿಗಮ ನಡೆಸುವ ತರಬೇತಿಗಳು 7 ಮತ್ತು 14 ದಿನಗಳವು.

ನಾವು ಒತ್ತಿ ಹೇಳುವುದು ವಿಮೆಯ ಬಗ್ಗೆ. ಸ್ಕೀಯಿಂಗ್‌ನಲ್ಲಿ ಮೊಣಕಾಲಿನ ಗಾಯ ಸಾಮಾನ್ಯ. ಆದರೆ ಹಲವು ಪ್ರಯಾಣ ವಿಮೆಗಳು ಸಾಹಸ ಕ್ರೀಡೆಗೆ ಅನ್ವಯಿಸುವುದಿಲ್ಲ. ಪಾಲಿಸಿಯಲ್ಲಿ ಆ ಸಣ್ಣ ಅಕ್ಷರಗಳನ್ನು ಗುಂಪಿನಲ್ಲಿ ಒಬ್ಬರಾದರೂ ಓದಿರಬೇಕು.

ಇನ್ನು ‘ಚಳಿಗೆ ಬ್ರಾಂದಿ’. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬೆಚ್ಚಗಾದಂತೆ ಅನಿಸುತ್ತದೆ, ಒಳಗಿನ ಶಾಖ ಮಾತ್ರ ಹೊರಹೋಗುತ್ತಿರುತ್ತದೆ. ಆ ದುಡ್ಡಿಗೆ ಅತಿನೇರಳೆ ಕಿರಣ ತಡೆಯುವ ಕನ್ನಡಕ ಕೊಳ್ಳಿ. ಹೊಸದಾಗಿ ಬಿದ್ದ ಹಿಮ ಆ ಕಿರಣಗಳನ್ನು ಶೇ. 80ರವರೆಗೂ ಪ್ರತಿಫಲಿಸಬಲ್ಲದು.